ಒಂದು ಉಸಿರಿನಷ್ಟು ಹೊತ್ತು

ಆಫೀಸಿನಲ್ಲಿ ಅವಳಿಗೆ ಗಡಿಯಾರಮ್ಮ ಎಂದು ಹೆಸರು ಬಿದ್ದಿತ್ತು. ಎದುರಿಗೆ ಮಾತ್ರ ಮೇಡಂ. ಹೆಸರು ಸುಮ್ಮನೆ ಬಿದ್ದದ್ದಲ್ಲ. ಚಹಾ ಕುಡಿಯುವಾಗಲೂ ಗೋಡೆಯ ಗಡಿಯಾರ ನೋಡುತ್ತಲೇ ಕುಡಿಯುವವಳು, ಲಿಫ್ಟು ತಡವಾದರೆ ಲಿಫ್ಟಿನ ಬಾಗಿಲಿಗೇ ಗದರುವವಳು, ಮನೆಯಲ್ಲಿ ಮಗ "ಅಮ್ಮಾ..." ಎಂದು ಬಾಯಿ ತೆರೆಯುವಷ್ಟರಲ್ಲಿ "ಬೀರುವಿನ ಮೇಲಿದೆ, ತಗೋ" ಎಂದು ಉತ್ತರ ಕೊಟ್ಟು ಮುಗಿಸುವವಳು. ಬಹಳ ಸಲ ಆ ಉತ್ತರ ಸರಿಯಾಗಿಯೇ ಇರುತ್ತಿತ್ತು. ಅದೇ ಅವಳ ದುರದೃಷ್ಟ. ತಪ್ಪಾಗಿದ್ದರೆ ಎಂದೋ ಬುದ್ಧಿ ಕಲಿಯುತ್ತಿದ್ದಳು.

ಕೆಲಸ, ಕಿವಿ ಮಂದವಾದವರಿಗೆ ಮಿಷನ್ ಮಾಡಿ ಮಾರುವ ಕಂಪನಿಯಲ್ಲಿ. ಕಂಪನಿಯವರು ಅದಕ್ಕೆ ಶ್ರವಣ ಸಾಧನ ಎನ್ನುತ್ತಾರೆ, ಹಾಕಿಕೊಳ್ಳುವವರು ಮಿಷನ್ ಎನ್ನುತ್ತಾರೆ. ನಾವೂ ಮಿಷನ್ ಎಂದೇ ಅನ್ನೋಣ, ಪಾಪ, ಹಾಕಿಕೊಳ್ಳುವವರು ಅವರು ತಾನೇ. ಮಿಷನ್ ಕೆಟ್ಟರೆ, ಕೆಡದಿದ್ದರೂ ಕೆಟ್ಟಂತೆ ಅನ್ನಿಸಿದರೆ, ಫೋನು ಮಾಡಲು ಒಂದು ವಿಭಾಗ. ಸೋಫಾ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದೇ ಒಂದು ಕೋಣೆ. ಬಸ್ಸುಗಳ ಸದ್ದು ಒಳಗೆ ಬಾರದಿರಲೆಂದು ಕಿಟಕಿಗೆ ಕಂಬಳಿಯಂಥ ಪರದೆ. ಒಂದು ಉದ್ದನೆಯ ಮೇಜು, ಅದರ ಮೇಲೆ ದನಿ ಏರಿಸುವ ದಪ್ಪ ತಿರುಗಣೆಯಿದ್ದ ಮೂರು ಫೋನು. ಮೂಲೆಯಲ್ಲಿ ಗಾಜಿನ ಪುಟ್ಟ ಕ್ಯಾಬಿನ್ನು. ಅದು ಗಡಿಯಾರಮ್ಮನದು.

ಮೂರು ಫೋನಿಗೆ ಮೂವರು. ಮೊದಲನೆಯವರು ದೊಡ್ಡಮ್ಮ. ಯಾರಿಗೂ ನಿಜವಾದ ದೊಡ್ಡಮ್ಮ ಅಲ್ಲ, ಆದರೆ ಎಲ್ಲರನ್ನೂ ಹಾಗೆಯೇ ಗದರಿಸುತ್ತಿದ್ದರು. ಹಿಂದೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಎರಡನೆಯವನು ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುತ್ತಿದ್ದವನು. ಅವನಿಗೆ ಲೌಡ್‌ಸ್ಪೀಕರ್ ಎಂದು ಹೆಸರು. ಪಿಸುಮಾತಿನಲ್ಲಿ ಹೇಳಿದರೂ ಕೆಳಗಿನ ಸೋಫಾ ಅಂಗಡಿಗೆ ಗೊತ್ತಾಗುತ್ತಿತ್ತು. ಮೂರನೆಯವಳು ಹೂಂ ಅಕ್ಕ. ಅವಳು 'ಹೂಂ' ಅನ್ನುವ ಒಂದೇ ಮಾತನ್ನು ಮರುಕಕ್ಕೊಂದು, ಮೆಚ್ಚುಗೆಗೊಂದು, 'ಹೌದಾ, ಆಮೇಲೆ?' ಎನ್ನುವುದಕ್ಕೊಂದು ರಾಗದಲ್ಲಿ ಅನ್ನಬಲ್ಲವಳು.

ಆ ಕೋಣೆಯಲ್ಲಿ ದೊಡ್ಡಮ್ಮ ತಂದ ಒಂದು ನಿಯಮವಿತ್ತು. ಎಲ್ಲಿಯೂ ಬರೆದಿಟ್ಟದ್ದಲ್ಲ. ಆ ಕಡೆಯವರು ಮಾತು ನಿಲ್ಲಿಸಿದ ಕೂಡಲೇ ಈ ಕಡೆಯವರು ಬಾಯಿ ತೆರೆಯುವಂತಿಲ್ಲ. ನಿಧಾನವಾಗಿ ಒಂದು ಉಸಿರು ಒಳಗೆಳೆದು ಹೊರಗೆ ಬಿಡಬೇಕು. "ಮೊದಲು ಹೇಳೋದು ಮಿಷನ್ ವಿಷಯ. ಉಸಿರಾದಮೇಲೆ ಬರೋದು ಅವರ ವಿಷಯ" ಎನ್ನುತ್ತಿದ್ದರು ದೊಡ್ಡಮ್ಮ. ಅದು ಸುಳ್ಳಲ್ಲ. "ಏನೂ ಕೇಳಿಸ್ತಾ ಇಲ್ಲ" ಎಂದು ಸಿಟ್ಟಿನಲ್ಲಿ ಶುರು ಮಾಡಿದ ಎಷ್ಟೋ ಜನ, ಒಂದು ಉಸಿರಿನಷ್ಟು ಹೊತ್ತು ಕಾದರೆ, "ಮಿಷನ್ ಸರಿಯಾಗೇ ಇದೆ ಅನ್ನಿ. ಮನೇಲಿ ಮಾತಾಡೋರೇ ಕಮ್ಮಿ" ಎಂದು ಮೆತ್ತಗಾಗುತ್ತಿದ್ದರು. ಗಾಜಿನ ಕ್ಯಾಬಿನ್ನು ಸಿಗುವ ಮುಂಚೆ ಗಡಿಯಾರಮ್ಮನೂ ಮೂರನೆಯ ಫೋನಿನ ಮುಂದೆ ಕೂತು ಇದೇ ಉಸಿರು ಕಲಿತವಳು. ಬಡ್ತಿ ಬಂದಮೇಲೆ ಉಸಿರಾಡುವುದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ, ಅಷ್ಟೇ.

ಹೀಗಿರುವಾಗ ಹೆಡ್ಡಾಫೀಸಿನಿಂದ ಫರ್ಮಾನು ಬಂತು. ಪ್ರತಿ ವಿಭಾಗವೂ ತಂಡದ ಜೊತೆ ಕೂತು ಸ್ವಾಟ್ ಕಾರ್ಯಾಗಾರ ಮಾಡಬೇಕು. ನಮ್ಮ ಬಲ, ನಮ್ಮ ದೌರ್ಬಲ್ಯ, ನಮಗಿರುವ ಅವಕಾಶ, ನಮಗಿರುವ ಅಪಾಯ, ಈ ನಾಲ್ಕನ್ನೂ ಚರ್ಚಿಸಿ ಒಂದು ಪುಟ ಬರೆದು ಅದೇ ಸಂಜೆ ಕಳಿಸಬೇಕು. ಒಂದೊಂದಕ್ಕೆ ಹತ್ತು ನಿಮಿಷ. ಅಪಾಯ ಯಾವುದೆಂದು ಹುಡುಕುವ ತೊಂದರೆಯೇ ಇರಲಿಲ್ಲ, ಅದೇ ಕಾಗದದ ಕೊನೆಯಲ್ಲಿ ಬರೆದಿತ್ತು. ಈ ಪುಟ ನೋಡಿಕೊಂಡು ಫೋನಿನ ವಿಭಾಗವನ್ನು ಉಳಿಸುವುದೋ, ಅಥವಾ 'ಬ್ಯಾಟರಿಗೆ ಒಂದನ್ನು ಒತ್ತಿ, ದುರಸ್ತಿಗೆ ಎರಡನ್ನು ಒತ್ತಿ' ಎನ್ನುವ ರೆಕಾರ್ಡು ದನಿಯನ್ನು ಕೂರಿಸುವುದೋ ತೀರ್ಮಾನಿಸುತ್ತಾರಂತೆ. ಕಿವಿ ಕೇಳದವರಿಗೆ ರೆಕಾರ್ಡು ದನಿ. ಇದನ್ನು ಯೋಚಿಸಿದವರ ತಲೆಗೆ ಯಾವ ಮಿಷನ್ ಹಾಕಬೇಕೋ ಗೊತ್ತಿಲ್ಲ.

ಗಡಿಯಾರಮ್ಮ ಹೆದರಿದಳು. ದೊಡ್ಡಮ್ಮನಿಗೆ ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಹೂಂ ಅಕ್ಕ 'ಹೂಂ' ಅಂದದ್ದಕ್ಕೆ ಯಾರು ಸಂಬಳ ಕೊಡುತ್ತಾರೆ? ಹೇಗಾದರೂ ಈ ಮೂವರನ್ನು ಉಳಿಸಿಕೊಳ್ಳಬೇಕು. ಅದಕ್ಕೆ ಅವಳು ಕಂಡುಕೊಂಡ ದಾರಿಯೂ ಅವಳ ಸ್ವಭಾವಕ್ಕೆ ತಕ್ಕಂತೆಯೇ ಇತ್ತು. ಕಾರ್ಯಾಗಾರದ ಹಿಂದಿನ ದಿನವೇ ಆ ಒಂದು ಪುಟವನ್ನು ತಾನೊಬ್ಬಳೇ ಕೂತು ತುಂಬಿಸಿ, ಮಡಚಿ, ಬ್ಯಾಗಿಗೆ ಹಾಕಿಕೊಂಡಳು. ಚರ್ಚೆ ಆಮೇಲೆ ಮಾಡಿದರಾಯಿತು.

ಕಾರ್ಯಾಗಾರದ ದಿನ ಬೆಳಗ್ಗೆ ಮನೆಯಲ್ಲಿ ಎಂದಿನ ಓಟ. ಅವಳ ಅಪ್ಪ ಅವಳ ಜೊತೆಯಲ್ಲೇ ಇದ್ದರು. ಜೀವಮಾನವೆಲ್ಲ ದರ್ಜಿ ಕೆಲಸ ಮಾಡಿ ಈಗ ಬಿಟ್ಟವರು. ದರ್ಜಿ ಎಂದರೆ ಬಾಯಿ ತುಂಬ ಗುಂಡುಸೂಜಿ. ಒಂದು ಮಾತು ಆಡಬೇಕಾದರೆ ಮೊದಲು ತುಟಿಯಿಂದ ಸೂಜಿ ತೆಗೆದು, ಜೋಪಾನವಾಗಿ ಡಬ್ಬಿಗೆ ಹಾಕಿ, ಆಮೇಲೆ ಆಡಬೇಕು. ಈಗ ಬಾಯಲ್ಲಿ ಸೂಜಿಯಿಲ್ಲ, ಆದರೆ ತೆಗೆಯುವ ಹೊತ್ತು ಹಾಗೆಯೇ ಉಳಿದುಬಿಟ್ಟಿತ್ತು. ಕಿವಿಗೆ ಮಗಳ ಕಂಪನಿಯದೇ ಮಿಷನ್.

"ಮಗೂ..." ಎಂದರು ಅಪ್ಪ, ಅವಳ ಮುಟ್ಟದ ತಟ್ಟೆಯನ್ನು ನೋಡುತ್ತಾ. "ಇವತ್ತು..."

"ಬ್ಯಾಟರಿ ತಾನೇ? ಸಂಜೆ ತರ್ತೀನಿ ಅಪ್ಪ," ಎಂದಳು ಚಪ್ಪಲಿ ಹಾಕಿಕೊಳ್ಳುತ್ತಾ.

ಅಪ್ಪ ತಲೆಯಾಡಿಸಿದರು. ಅವರ ಮೇಜಿನ ಡ್ರಾಯರಿನಲ್ಲಿ ಅಂಗಡಿ ಇಡುವಷ್ಟು ಬ್ಯಾಟರಿ ಬಿದ್ದಿದ್ದವು. ಅವಳ ಗಂಡ ಬಾಗಿಲಲ್ಲಿ ನಿಂತು, "ಏನಾದ್ರೂ ತಿಂದು ಹೋಗೇ" ಎಂದ. ಅಷ್ಟು ಹೊತ್ತಿಗೆ ಅವಳು ಲಿಫ್ಟಿಗೆ ಗದರುತ್ತಿದ್ದಳು.

ಕಾರ್ಯಾಗಾರ ಮಧ್ಯಾಹ್ನ ಶುರುವಾಯಿತು. ಫೋನುಗಳು ಸ್ವಲ್ಪ ಬಿಡುವಾಗುವ ಹೊತ್ತು. ಗಡಿಯಾರಮ್ಮ ಬಿಳಿ ಬೋರ್ಡಿನ ಮೇಲೆ ನಾಲ್ಕು ಮನೆ ಗೀಚಿ, ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಗಂಟೆ ಇಟ್ಟಳು.

"ಸರಿ. ಮೊದಲನೇದು ನಮ್ಮ ಬಲ. ಏನೇನಿದೆ? ಹೇಳಿ ನೋಡೋಣ."

ಮೂವರೂ ಅವಳನ್ನು ನೋಡಿದರು. ಮೂವರೂ ನಿಧಾನವಾಗಿ ಉಸಿರೆಳೆದುಕೊಂಡರು. ಮೂವರೂ ನಿಧಾನವಾಗಿ ಬಿಟ್ಟರು. ಮೇಡಂ ಇನ್ನೂ ಏನೋ ಹೇಳುವುದಿರಬಹುದು, ನಡುವೆ ಬಾಯಿ ಹಾಕುವುದು ಬೇಡ ಎಂದು.

ಗಡಿಯಾರಮ್ಮನಿಗೆ ಮೌನವನ್ನು ತಡೆಯಲಾಗಲಿಲ್ಲ. "ಉದಾಹರಣೆಗೆ, ನಾವು ಚೆನ್ನಾಗಿ ಕೆಲಸ ಮಾಡ್ತೀವಿ."

"ಹೂಂ," ಎಂದಳು ಹೂಂ ಅಕ್ಕ, ಮೆಚ್ಚುಗೆಯ ರಾಗದಲ್ಲಿ.

"ಆದರೆ ಹೆಡ್ಡಾಫೀಸಿಗೆ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ತೋರಿಸ್ಬೇಕಲ್ಲ."

"ಹೂಂ?" ಇದು ಆಮೇಲೆ ಎನ್ನುವ ರಾಗ.

"ಆಮೇಲೇನು, ನಾನು ಹೇಳಿದ್ದು ಅವರಿಗೆ ಎಲ್ಲಿ ತಲೆಗೆ ಹೋಗುತ್ತೆ!"

"ನಿಮಗೆ ಬಹಳ ಒತ್ತಡ ಆಗ್ತಿದೆ ಅನ್ಸುತ್ತೆ, ಮೇಡಂ," ಎಂದ ಲೌಡ್‌ಸ್ಪೀಕರ್, ಗ್ರಾಹಕರಿಗೆಂದೇ ಇಟ್ಟುಕೊಂಡಿದ್ದ ಬೆಣ್ಣೆಯಂಥ ದನಿಯಲ್ಲಿ.

"ಒತ್ತಡ ಅಲ್ಲದೆ ಮತ್ತೇನು!" ಎಂದವಳೇ ಶುರು ಮಾಡಿದಳು ನೋಡಿ. ಎದೆಯುರಿ, ಬಾರದ ನಿದ್ದೆ, ಮಗನ ಗಣಿತ, ಗಂಡನ ರಾತ್ರಿ ಪಾಳಿ, ಹೆಡ್ಡಾಫೀಸಿನ ಸಾಹೇಬರ ಮೂಗಿನ ತುದಿಯ ಸಿಟ್ಟು. ಈ ಮೂವರಿಗೆ ಏನಾಗಿಬಿಡುತ್ತೋ ಎನ್ನುವ ಭಯ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿದಳು. ದೊಡ್ಡಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಹೂಂ ಅಕ್ಕ ಎದ್ದು ಒಂದು ಲೋಟ ನೀರು ತಂದಿಟ್ಟಳು. ಅಷ್ಟರಲ್ಲಿ ಮೊಬೈಲು ಕಿರ್ರೆಂದಿತು. ಹತ್ತು ನಿಮಿಷ ಮುಗಿದಿತ್ತು, ಬಲದ ಮನೆ ಖಾಲಿ ಇತ್ತು. ಆ ತಂಡದ ಬಲ ಏನೆಂದು ಅಷ್ಟೂ ಹೊತ್ತು ಅವಳ ಕಣ್ಣೆದುರೇ ನಡೆದಿತ್ತು, ಬರೆದುಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ.

ಗಡಿಯಾರಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು. "ಹೀಗಾದ್ರೆ ಸಂಜೆಗೆ ಮುಗಿಯಲ್ಲ" ಎಂದು ಬ್ಯಾಗಿನಿಂದ ಮಡಚಿದ ಪುಟ ತೆಗೆದಳು. "ನಾನೇ ಬರೆದು ತಂದಿದ್ದೀನಿ. ಓದ್ತೀನಿ, ಸರಿ ಇದೆ ಅಂದ್ರೆ ಸಾಕು. ದೌರ್ಬಲ್ಯ." ಮತ್ತೆ ಗಂಟೆ ಇಟ್ಟು ಓದತೊಡಗಿದಳು. "ಕರೆಗಳು ಅತಿಯಾಗಿ ಉದ್ದವಾಗುತ್ತಿವೆ. ಮುಖ್ಯವಾಗಿ, ಮಿಷನ್‌ನಲ್ಲಿ ಯಾವ ದೋಷವೂ ಇಲ್ಲದ ಒಬ್ಬ ಗ್ರಾಹಕರು ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಕರೆ ಮಾಡಿ ಸಿಬ್ಬಂದಿಯ ಸಮಯ ಹಾಳು ಮಾಡುತ್ತಾರೆ. ಅವರ ಕರೆಯನ್ನು ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ."

ಹೆಡ್ಡಾಫೀಸು ಕಳಿಸುವ ಕರೆಗಳ ಪಟ್ಟಿಯಲ್ಲಿ ಗ್ರಾಹಕರ ಹೆಸರಾಗಲಿ ಫೋನ್ ನಂಬರಾಗಲಿ ಇರುವುದಿಲ್ಲ, ಗ್ರಾಹಕ ಸಂಖ್ಯೆ ಮಾತ್ರ. ಆ ಸಂಖ್ಯೆಯ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು. ಬೈಸಿಕೊಳ್ಳುವ ಮೊದಲೇ ತಪ್ಪೊಪ್ಪಿಕೊಂಡು ಆ ಕರೆಯನ್ನು ತಾನೇ ಕತ್ತರಿಸಿದರೆ ಸಾಹೇಬರು ತಣ್ಣಗಾಗುತ್ತಾರೆ, ಉಳಿದವರು ಉಳಿಯುತ್ತಾರೆ ಎನ್ನುವುದು ಅವಳ ಲೆಕ್ಕ.

"ಯಾರು ಈ ಮಹಾನುಭಾವರು? ನಿಮ್ಮಲ್ಲಿ ಯಾರಿಗೆ ಮಾಡ್ತಾರೆ?" ಎಂದು ಕೇಳಿದಳು.

ಹೂಂ ಅಕ್ಕನ ಬಾಯಿಂದ ಒಂದು ಹೂಂ ಕೂಡ ಹೊರಡಲಿಲ್ಲ. ಲೌಡ್‌ಸ್ಪೀಕರ್ ಮೇಜಿನ ಕೆಳಗೆ ಬಿದ್ದ ಏನನ್ನೋ ಹುಡುಕತೊಡಗಿದ. ಏನೂ ಬಿದ್ದಿರಲಿಲ್ಲ. ದೊಡ್ಡಮ್ಮ ಮಾತ್ರ ನೇರವಾಗಿ ಗಡಿಯಾರಮ್ಮನ ಮುಖ ನೋಡುತ್ತಾ ಕೂತರು. ಈ ಸಲದ ಮೌನ ಮೊದಲಿನದಲ್ಲ. ಅವಳು ಪುಟವನ್ನು ಬೋರ್ಡಿಗೆ ಇಳಿಸತೊಡಗಿದಳು, ನಡುನಡುವೆ "ಹೇಳಿ, ಹೇಳಿ" ಎಂದು ಅವಸರಿಸಿದಳು, ಯಾರೂ ಹೇಳಲಿಲ್ಲ. ಕಡೆಗೆ ದೊಡ್ಡಮ್ಮನ ತುಟಿ ಅರ್ಧ ತೆರೆಯಿತು. ಸರಿಯಾಗಿ ಆಗಲೇ ಮೊಬೈಲು ಕಿರ್ರೆಂದಿತು. ತುಟಿ ಮುಚ್ಚಿತು.

ಗಡಿಯಾರಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು. ಆ ಮುಚ್ಚಿದ ತುಟಿಯನ್ನು ಅವಳು ಬಲ್ಲಳು. ಮೂರನೆಯ ಫೋನಿನ ಮುಂದೆ ಕೂತಿದ್ದ ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದಳೋ, ಬಾಯಿವರೆಗೆ ಬಂದು, ಯಾರೋ ಕೋಣೆಗೆ ಕಾಲಿಟ್ಟರೆಂದೋ ಕುಕ್ಕರು ಕೂಗಿತೆಂದೋ ಹಿಂದಕ್ಕೆ ಹೋಗುವ ಮಾತು. ಒಮ್ಮೆ ಹೋದರೆ ಬೇಗ ಬರುವುದಿಲ್ಲ. ಅವಳು ಮೊಬೈಲನ್ನು ಆರಿಸಿ ಬ್ಯಾಗಿನೊಳಗೆ ಹಾಕಿದಳು. ಗೋಡೆಯ ಗಡಿಯಾರಕ್ಕೆ ಬೆನ್ನು ಮಾಡಿ ಕುರ್ಚಿ ಎಳೆದುಕೊಂಡು ಅವರ ನಡುವೆ ಕೂತಳು. ಆಮೇಲೆ, ಎಷ್ಟೋ ಕಾಲದ ಮೇಲೆ, ನಿಧಾನವಾಗಿ ಒಂದು ಉಸಿರೆಳೆದುಕೊಂಡಳು. ಬಿಟ್ಟಳು. ಏನೂ ಕೇಳಲಿಲ್ಲ. ಇನ್ನೊಂದು ಉಸಿರೂ ಆಯಿತು.

"ಅದು ನಿಮ್ಮಪ್ಪ ಕಣಮ್ಮ," ಎಂದರು ದೊಡ್ಡಮ್ಮ.

"ನಮ್ಮಪ್ಪನಾ? ನಮ್ಮಪ್ಪ ಇಲ್ಲಿಗೆ ಯಾಕೆ ಫೋನ್ ಮಾಡ್ತಾರೆ? ನಾನು ದಿನಾ ಮನೆಗೇ ಹೋಗ್ತೀನಲ್ಲ!"

ಲೌಡ್‌ಸ್ಪೀಕರ್ ತಡೆಯಲಾರದೆ, "ನಿಮಗೆ ಹೇಳ್ಬಾರ್ದು ಅಂತ ಮಾತು ತಗೊಂಡಿದ್ರು, ಮೇಡಂ," ಎಂದು ಪಿಸುಗುಟ್ಟಿದ. ಕೆಳಗಿನ ಅಂಗಡಿಗೂ ಗೊತ್ತಾಯಿತು.

"ಏನು ಹೇಳ್ತಾರೆ? ನನ್ನ ಮೇಲೆ ದೂರಾ?"

"ಅದನ್ನ ನಾವು ಹೇಳೋ ಹಾಗಿಲ್ಲ," ಎಂದರು ದೊಡ್ಡಮ್ಮ. "ಫೋನಲ್ಲಿ ಹೇಳಿದ್ದು ಹೇಳಿದವರದ್ದು. ನಿನಗೆ ನಾನೇ ಕಲಿಸಿದ್ದು ಇದನ್ನ."

ಗಡಿಯಾರಮ್ಮನಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. ದೂರೇ ಇರಬೇಕು, ಮತ್ತೇನು. ಬ್ಯಾಟರಿಯ ರಾಶಿ ನೆನಪಾಯಿತು. 'ಇವತ್ತು...' ಎಂದು ನಿಂತುಹೋದ ಮಾತು ನೆನಪಾಯಿತು. ತನ್ನ ಅಪ್ಪನಿಗೆ ಮಾತಾಡಲು ಕಂಪನಿಯ ನಂಬರು ಬೇಕಾಯಿತಲ್ಲ, ಆ ನಂಬರನ್ನೂ ತಾನೇ ತನ್ನ ಕೈಯಾರೆ ಕತ್ತರಿಸಲು ಹೊರಟಿದ್ದೆನಲ್ಲ ಎಂದು ಸಂಕಟಪಟ್ಟಳು. ಬೋರ್ಡಿನ ಮೇಲೆ ಬರೆದ ಸಾಲನ್ನು ಅಂಗೈಯಲ್ಲೇ ಒರೆಸಿದಳು. ಅಂಗೈ ಕಪ್ಪಾಯಿತು.

ಒರೆಸಿದ ಮೇಲೆ ವಿಚಿತ್ರ ನಡೆಯಿತು. ಮೂವರೂ ಮಾತಾಡತೊಡಗಿದರು. ಕೆಳಗಿನ ಸದ್ದಿಗೆ ಮೂರನೇ ಫೋನಿನಲ್ಲಿ ಅರ್ಧ ಮಾತು ಕಳೆದುಹೋಗುತ್ತೆ ಎಂದಳು ಹೂಂ ಅಕ್ಕ, ಇಡೀ ವಾಕ್ಯದಲ್ಲಿ. ಅವಳ ಬಾಯಲ್ಲಿ ಅಷ್ಟುದ್ದದ ವಾಕ್ಯವಿದೆಯೆಂದು ಆ ಕೋಣೆಗೆ ಗೊತ್ತಾದದ್ದೇ ಅಂದು. ತನಗೇ ಬಲಗಿವಿ ಮಂದವಾಗುತ್ತಿದೆ, ಹೇಳಿದರೆ ಕೆಲಸ ಹೋಗುತ್ತೇನೋ ಎಂದು ಬಾಯಿ ಮುಚ್ಚಿಕೊಂಡಿದ್ದೆ ಎಂದ ಲೌಡ್‌ಸ್ಪೀಕರ್. ಕಿವಿಯ ಕಂಪನಿಯಲ್ಲಿ ಕೂತು ಕಿವಿ ಮುಚ್ಚಿಟ್ಟುಕೊಂಡ ಭೂಪ ಎಂದು ದೊಡ್ಡಮ್ಮ ಅವನ ತಲೆಗೆ ಮೊಟಕಿದರು. ಗಡಿಯಾರಮ್ಮ ನಡುವೆ ಬಾಯಿ ಹಾಕದೆ ಬರೆದುಕೊಂಡಳು. ಇನ್ನೂ ದೌರ್ಬಲ್ಯದ ಮನೆಯಲ್ಲೇ ಇದ್ದರು, ಹೊರಗೆ ಬಿಸಿಲು ಇಳಿಯುತ್ತಿತ್ತು.

ಆಗ ಹೆಡ್ಡಾಫೀಸಿನ ಸಾಹೇಬರ ಫೋನು. "ಎಲ್ರೀ ಪುಟ?"

"ಇನ್ನೂ ಮುಗಿದಿಲ್ಲ ಸರ್. ಚರ್ಚೆ ನಡೀತಾ ಇದೆ. ಸೋಮವಾರದವರೆಗೆ ಟೈಮ್ ಬೇಕು," ಎಂದಳು. ತಾನೇ ಆಡಿದ ಮಾತೆಂದು ಅವಳಿಗೇ ನಂಬಿಕೆ ಬರಲಿಲ್ಲ.

"ಒಂದು ಪುಟಕ್ಕೆ ಅಷ್ಟೊಂದು ಮಾತು ಯಾಕ್ರೀ? ನೀವು ಇಂಥವರಲ್ಲವಲ್ಲ!"

ಸಮಜಾಯಿಷಿ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟರು. ಗಡಿಯಾರಮ್ಮ ಉಸಿರೆಳೆದುಕೊಂಡಳು. ಬಿಟ್ಟಳು.

"...ಹಲೋ? ಇದೀರಾ?" ಎಂದರು ಸಾಹೇಬರು. ಮತ್ತೆ ಸುಮ್ಮನಾದರು. ಆಮೇಲೆ ಅವರ ದನಿ ಬೇರೆಯಾಗಿತ್ತು. "ಅಲ್ಲ, ನಮ್ಮಮ್ಮನೂ ನಮ್ಮ ಮಿಷನ್ನೇ ಹಾಕ್ಕೊಳ್ತಾರೆ. ಆ ರೆಕಾರ್ಡು ದನಿ ಅವರಿಗೆ ಹಾಕಿ ತೋರಿಸ್ದೆ. 'ಯಾರೋ ಇದು, ನಾನು ಮಾತಾಡ್ತಿದ್ರೂ ನಿಲ್ಲಿಸ್ತಾನೇ ಇಲ್ಲ' ಅಂದ್ರು." ಇನ್ನೂ ಒಂದು ಉಸಿರು. "ಸೋಮವಾರ ನಾನೇ ಬರ್ತೀನಿ ಬಿಡಿ. ಕೂತು ಮಾತಾಡೋಣ."

ಸಾಹೇಬರು ಸೋಮವಾರ ಬಂದರು, ಸಂಜೆಯವರೆಗೂ ಕೂತರು, ರೆಕಾರ್ಡು ದನಿಯ ಮಾತು ಮತ್ತೆ ಏಳಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ನಿಮಗೂ ನೆಮ್ಮದಿ. ಆದರೆ ಆ ಮಧ್ಯಾಹ್ನ ಇನ್ನೂ ಮುಗಿದಿಲ್ಲ. ಸಾಹೇಬರ ಫೋನು ಇಟ್ಟ ಸ್ವಲ್ಪ ಹೊತ್ತಿಗೆ ದೊಡ್ಡಮ್ಮನ ಫೋನು ಹೊಡೆದುಕೊಂಡಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಮ್ಮ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ದನಿ ಏರಿಸುವ ಆ ಫೋನಿನಲ್ಲಿ ಯಾರು ಮಾತಾಡಿದರೂ ಡಬ್ಬಿಯೊಳಗಿನಿಂದ ಮಾತಾಡಿದ ಹಾಗೆ ಕೇಳುತ್ತದೆ. "ಹೇಳಿ," ಎಂದಳು ಗಡಿಯಾರಮ್ಮ.

"ದೊಡ್ಡಮ್ಮಾರಾ? ನಾನು. ಮಿಷನ್ ಸ್ವಲ್ಪ ಗೊರಗೊರ ಅಂತಿದೆ," ಎಂದರು ಅಪ್ಪ, ಎಂದಿನ ಪೀಠಿಕೆ ಎನ್ನುವ ಹಾಗೆ. ಆಮೇಲೆ ನಿಂತರು.

'ಬ್ಯಾಟರಿ ಬದಲಾಯಿಸಿ' ಎನ್ನುವ ಮಾತು ಅವಳ ಗಂಟಲವರೆಗೂ ಬಂತು. ನುಂಗಿದಳು. ಆ ಕಡೆ ಅಪ್ಪ ಒಂದೊಂದೇ ಸೂಜಿಯನ್ನು ತುಟಿಯಿಂದ ತೆಗೆದು ಡಬ್ಬಿಗೆ ಹಾಕುತ್ತಿರುವುದು ಅವಳಿಗೆ ಕಂಡಂತಾಯಿತು. ಕಾದಳು. ಉಸಿರೆಳೆದು, ಬಿಟ್ಟು, ಕಾದಳು.

"ಮಗಳು ಇವತ್ತು ಊಟ ಮಾಡಿದ್ಲಾ?" ಎಂದರು ಅಪ್ಪ.

ಅಪ್ಪನೇ ಮುಂದುವರಿಸಿದರು.

"ಬೆಳಗ್ಗೆ ಏನೂ ಮುಟ್ಟದೆ ಓಡಿದ್ಲು. ಏನೋ ದೊಡ್ಡ ಮೀಟಿಂಗ್ ಅಂತೆ, ಅಳಿಯ ಹೇಳ್ದ. ಚೆನ್ನಾಗಿ ಆಗ್ಲಿ ಅಂತ ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಹೊರಟೇಹೋದ್ಲು. ದಿನಾ ನೀವು ಅವಳ ಸುದ್ದಿ ಹೇಳ್ತೀರಲ್ಲ, ಅದಕ್ಕೇ ಕೇಳ್ದೆ. ಹೇಗಾಯ್ತು ಮೀಟಿಂಗು?"

ಗಡಿಯಾರಮ್ಮ ಸೆರಗಿನಿಂದ ಮುಖ ಒತ್ತಿಕೊಂಡಳು. ಹೂಂ ಅಕ್ಕ ಪರದೆಯ ಕಡೆ ತಿರುಗಿ ನಿಂತಿದ್ದಳು. ಲೌಡ್‌ಸ್ಪೀಕರ್ ಜೋರಾಗಿ ಮೂಗು ಒರೆಸಿಕೊಂಡ.

"ಇನ್ನೂ ಮುಗಿದಿಲ್ಲ, ಅಪ್ಪ," ಎಂದಳು.

ಆ ಕಡೆ ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ. ಈ ಸಲ ಸೂಜಿಗಳು ಜಾಸ್ತಿ ಇದ್ದವೇನೋ. ಅವಳು ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದು ಕಾದಳು. ಎಷ್ಟು ಹೊತ್ತಾದರೂ ಕಾಯುವವಳೇ ಇದ್ದಳು.

"ಹಾಗಾದ್ರೆ ಮೊದಲು ಹೋಗಿ ಏನಾದ್ರೂ ತಿಂದು ಬಾ, ಮಗೂ," ಎಂದರು ಅಪ್ಪ. "ನಾನು ಫೋನು ಹಿಡ್ಕೊಂಡೇ ಇರ್ತೀನಿ."